ಮೌನಪ್ಪನ ಮೂಗಿಗೆ ಸಿಗದ ವಿಷ

ಪಟಾನ್‌ಚೆರುವಿನ ಆ ಔಷಧ ಕಾರ್ಖಾನೆಯ ಮೂರನೇ ಬ್ಲಾಕಿಗೆ ಮುಂಜಾನೆ ಆರರ ಶಿಫ್ಟಿನವರು ಕಾಲಿಡಬೇಕಾದರೆ ಮೌನಪ್ಪನ ಮೂಗು ಒಪ್ಪಬೇಕಿತ್ತು. ಯಾದಗಿರಿ ಕಡೆಯ ಆಸಾಮಿ, ಇಪ್ಪತ್ತಾರು ವರ್ಷ ಸರ್ವಿಸಾದ ಆಪರೇಟರ್. ಬಾಗಿಲಲ್ಲಿ ನಿಂತು, ಮಾಸ್ಕನ್ನು ಗದ್ದಕ್ಕಿಳಿಸಿ, ಎರಡು ಸಲ ಗಾಳಿ ಎಳೆದುಕೊಂಡು "ನಡ್ರಿ" ಅಂದರೆ ಹನ್ನೊಂದು ಮಂದಿ ಒಳಗೆ. ಗಾಳಿ ಅಳೆಯುವ ಮೀಟರು ಪೆಟ್ಟಿಗೆಯಲ್ಲೇ ಮಲಗಿರುತ್ತಿತ್ತು. ಮಂದಿ ಮೀಟರಿಗಿಂತ ಅವನನ್ನು ನಂಬಿದ್ದರು. ಅವನೂ ನಂಬಿದ್ದ.

ಆ ಬ್ಲಾಕಿನಲ್ಲಿ ಬಳಸುವುದು ಡೈಮೀಥೈಲ್ ಸಲ್ಫೇಟ್. ಗಂಧಕ ಬೆರೆತ ರಾಸಾಯನಿಕ. ನೀರಿನಂತೆ ಬಣ್ಣವಿಲ್ಲ, ಎಣ್ಣೆಯಂತೆ ಜಿಡ್ಡು. ಬೇರೆ ಪದಾರ್ಥಕ್ಕೆ ಮೀಥೈಲ್ ಎಂಬ ಸಣ್ಣ ತುಣುಕು ಅಂಟಿಸುವುದು ಅದರ ಕೆಲಸ. ಹಾಗೆ ಅಂಟಿಸಿಯೇ ಎಷ್ಟೋ ಗುಳಿಗೆ, ಬಟ್ಟೆಯ ಬಣ್ಣ, ಅತ್ತರಿನ ಸಾಮಾನು ಆಗುತ್ತವೆ. ಅಗ್ಗ, ಚುರುಕು, ಮಾಲೀಕರಿಗೆ ಭಾಳ ಪ್ರೀತಿ. ಮನುಷ್ಯನ ಮೈ ಸಿಕ್ಕರೂ ಅದು ಬಿಡುವುದಿಲ್ಲ, ಕಣ್ಣಿಗೆ, ಗಂಟಲಿಗೆ, ಶ್ವಾಸಕೋಶಕ್ಕೆ ಹೋಗಿ ಅಂಟುತ್ತದೆ. ಕೂಡಲೇ ಉರಿಯುವುದಿಲ್ಲ. ತಾಸುಗಟ್ಟಲೆ ಸುಮ್ಮನಿದ್ದು ಆಮೇಲೆ ಸುಡುತ್ತದೆ.

ಒಂಬತ್ತು ವರ್ಷದ ಹಿಂದೆ ಶಾಂತಕುಮಾರ ಎಂಬ ಜೊತೆಗಾರ ಅದು ಸೋಕಿದ ಮೇಲೂ "ಏನೂ ಆಗಿಲ್ಲ" ಅಂತ ಬಸ್ಸು ಹತ್ತಿದ. ಮನೆಗೆ ಹೋಗಿ ಉಂಡ. ಸಂಜೆಗೆ ಉಸಿರು ಕಟ್ಟಿತು. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆಗ ಮೌನಪ್ಪ ಮತ್ತವನ ಗೆಳೆಯರು ಹದಿನೇಳು ದಿನ ಗೇಟಿನ ಮುಂದೆ ಕೂತು, ಲಾಠಿ ತಿಂದು, ಒಂದು ನಿಯಮ ಬರೆಸಿದರು: ಸೋಕಿದವರು ಪೂರಾ ಒಂದು ದಿನ ಕಾರ್ಖಾನೆಯ ಆಸ್ಪತ್ರೆ ಕೋಣೆಯಲ್ಲಿ ಇರಬೇಕು. ಬೇಡ ಅಂದರೂ ಬಿಡಬಾರದು.

ಆ ಶುಕ್ರವಾರವೂ ಅವನು "ನಡ್ರಿ" ಅಂದ. ಮಾಸ್ಕು ಗದ್ದದಲ್ಲಿದ್ದ ಹಾಗೇ ಮುಂದೆ ಹೋಗಿ ಟ್ಯಾಂಕಿನ ವಾಲ್ವಿನ ಮೇಲೆ ಬಗ್ಗಿದ. ಹಿಂದೆ ಬಂದ ಹೊಸ ಕೆಮಿಸ್ಟ್ ಲಹರಿ, ಬೀದರಿನ ಹುಡುಗಿ, ಪೈಪಿನ ಜೋಡಣೆಯ ಕೆಳಗೆ ಜಿಡ್ಡಿನ ಮಡು ಕಂಡಳು.

"ಕಾಕಾ, ಸರೀರಿ ಈ ಕಡೆ! ಅದು ನೀರಲ್ಲ!"

"ವಾಸನಿನೇ ಇಲ್ಲಲ್ಲವ್ವ."

"ಅದಕ್ಕ ವಾಸನಿ ಇಲ್ಲದಂಗೇ ಐತಿ ಕಾಕಾ. ಉಳ್ಳಾಗಡ್ಡಿಯಂಗ ಒಂಚೂರು ಬಂದ್ರ ಬಂತು. ಅಷ್ಟೊತ್ತಿಗೆ ಒಳಗ ಹೋಗಿರ್ತೈತಿ."

ಎಲ್ಲರೂ ಹೊರಗೆ ಓಡಿದರು. ರಕ್ಷಣೆಯ ಉಡುಪು ತೊಟ್ಟು ಬಂದ ತಂಡ ಮಡುವಿನ ಮೇಲೆ ವಿಷ ಮುರಿಯುವ ಅಮೋನಿಯಾ ನೀರು ಸುರಿಯಿತು. ಮೌನಪ್ಪ ಶವರಿನ ಕೆಳಗೆ ನಿಂತು ಮೈತೊಳೆದು ಬಟ್ಟೆ ಬದಲಿಸಿದ. ಉರಿಯಿಲ್ಲ, ಕೆಮ್ಮಿಲ್ಲ. ಸಂಜೆ ನಾಲ್ಕಕ್ಕೆ ತಾರ್ನಾಕದಲ್ಲಿ ಮಗಳು ತನ್ವಿಯ ನಿಶ್ಚಯ. ಸೂಪರ್‌ವೈಸರು ಮೆಲ್ಲಗೆ ಬಂದು, ಇದೆಲ್ಲ ರಿಜಿಸ್ಟರಿಗೆ ಯಾಕೆ, ಇವತ್ತಿಗೆ ರಜೆ ಅಂತ ಬರೀತೀನಿ, ಹೋಗಿಬಿಡು ಅಂದ. ಮೌನಪ್ಪ ಚೀಲ ಹೆಗಲಿಗೇರಿಸಿದ.

ಗೇಟಿನ ಗೋಡೆಗೆ ಹಾಕಿದ್ದ ನಿಯಮದ ಹಲಗೆಯ ಮುಂದೆ ಲಹರಿ ಅಡ್ಡ ನಿಂತಳು.

"ಈ ಸಹಿ ಯಾರದು ಕಾಕಾ?"

"ನಂದೇ."

"ಹಂಗಾದ್ರ ಮ್ಯಾಲಿಂದು ಒಮ್ಮೆ ಓದ್ರಿ."

ಓದಿದ. ಹಲಗೆಗೊಂದು, ಲಹರಿಗೊಂದು, ಸೂಪರ್‌ವೈಸರಿಗೆ ಎರಡು ಬೈದು, ವಾಪಸು ಹೋಗಿ ಆಸ್ಪತ್ರೆ ಕೋಣೆಯ ಮಂಚದ ಮೇಲೆ ಕೂತು ಹೆಂಡತಿ ಸೂಗಮ್ಮನಿಗೆ ಫೋನು ಹಚ್ಚಿದ.

"ಗೇಟಿನಾಗ ಹದಿನೇಳು ದಿನ ಕೂಡ್ತೀರಿ, ಮಗಳ ನಿಶ್ಚಯಕ್ಕ ಒಂದು ತಾಸಿಲ್ಲೇನು?" ಅಂದಳು ಆಕೆ.

"ಬರ್ತೀನಿ. ಶಾಂತಕುಮಾರ ಹ್ಯಾಂಗ ಮನಿಗೆ ಹೋಗಿದ್ದ, ಹಂಗ ಬರ್ಲೇನು?"

"ಅಲ್ಲೇ ಕೂಡ್ರಿ. ನಾ ಎಲ್ಲಾ ನೋಡ್ಕೋತೀನಿ."

ಹನ್ನೆರಡಕ್ಕೆ ಕಣ್ಣು ಕೆಂಡವಾದವು. ಒಂದೂವರೆಗೆ ಗಂಟಲು ಬಿಗಿಯಿತು, ಉಸಿರು ಶಿಳ್ಳೆ ಹೊಡೆಯಿತು. ಆಗ ಅವನು ಬಸ್ಸಿನಲ್ಲಿರಲಿಲ್ಲ. ಆಮ್ಲಜನಕ ಕೈಯಳತೆಯಲ್ಲಿತ್ತು, ಡಾಕ್ಟರು ಪಕ್ಕದಲ್ಲೇ ಇದ್ದರು. ಅಲ್ಲಿಂದ ದೊಡ್ಡಾಸ್ಪತ್ರೆಗೆ ಒಯ್ದರು. ನಿಶ್ಚಯ ಅವನಿಲ್ಲದೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಮರುದಿನ ತನ್ವಿ ಉಂಗುರದ ಕೈ ತೋರಿಸಿ, "ನೀವು ಇದ್ದಿದ್ರ ಅಡಿಗಿಯವನ ಕೂಡ ಜಗಳ ಆಗ್ತಿತ್ತು ಅಪ್ಪಾ" ಅಂದಳು. ನಗಲು ಹೋಗಿ ಕೆಮ್ಮಿದ.

ಎರಡು ತಿಂಗಳಾದ ಮೇಲೆ ಒಡಕು ದನಿ ಹೊತ್ತು ಕೆಲಸಕ್ಕೆ ಬಂದ. ಬಾಗಿಲಲ್ಲಿ ಹನ್ನೊಂದೂ ಮಂದಿ ಅವನ ಮೂಗು ನೋಡುತ್ತಾ ನಿಂತಿದ್ದರು. ಮೌನಪ್ಪ ಮಾಸ್ಕನ್ನು ಬಿಗಿಯಾಗಿ ಮೇಲಕ್ಕೆಳೆದುಕೊಂಡ. ಪೆಟ್ಟಿಗೆ ತೆಗೆದು ಮೀಟರನ್ನು ಲಹರಿಯ ಕೈಗಿಟ್ಟು, "ಇನ್ನ ಮ್ಯಾಲ ಇದನ್ನ ಕೇಳ್ರಿ. ನನ್ನ ಮೂಗಿಗೆ ರಿಟೈರ್‌ಮೆಂಟ್" ಅಂದ.

ಲಹರಿ ಮಾಸ್ಕು ಹಾಕಿ ಒಳಗೆ ಹೋಗಿ ಮೀಟರು ಹಿಡಿದು ನಾಲ್ಕೂ ಮೂಲೆ ನೋಡಿದಳು. ಹೊರಗೆ ಅವನೂ ಎಲ್ಲರ ಜೊತೆ ಸಾಲಿನಲ್ಲಿ ಕಾದ.

"ನಡ್ರಿ" ಅಂದಳು.