ಪರದೆಯ ಎಡಮೂಲೆ

ಕಳೆದ ವರ್ಷ ಮೇ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ, ಹೊಸಪೇಟೆಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ, ಲ್ಯಾಪ್‌ಟಾಪ್‌ನೊಳಗಿನ ಒಂದು ಫುಟ್‌ಬಾಲ್ ಕ್ಲಬ್ಬು ಆರನೇ ದರ್ಜೆಯ ಲೀಗ್‌ನಿಂದ ಐದನೇ ದರ್ಜೆಗೆ ಬಡ್ತಿ ಪಡೆಯಿತು. ಕ್ಲಬ್ಬನ್ನು ನಡೆಸಿದವರು ನನ್ನ ಭಾವ ಮತ್ತು ನಾನು.

ಭಾವ ಸಂಡೂರು ತಾಲ್ಲೂಕಿನಲ್ಲಿ, ವಡ್ಡು ಗ್ರಾಮದ ಆಚೆಗಿರುವ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ನಾನು ದಿನಪತ್ರಿಕೆಯೊಂದರ ಸ್ಥಳೀಯ ಆವೃತ್ತಿಯ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ನನ್ನ ಕೆಲಸ ಶುರುವಾಗುವುದು ಸಂಜೆ. ಮಧ್ಯಾಹ್ನಗಳು ಖಾಲಿ.

ಆ ವರ್ಷದ ಮಾರ್ಚ್‌ನಲ್ಲಿ ಭಾವನ ಕಾಲು ಮುರಿದಿತ್ತು. ಹಂಪಿಯಿಂದ ಬೈಕ್‌ನಲ್ಲಿ ವಾಪಸ್ ಬರುವಾಗ ಕಡ್ಡಿರಾಂಪುರದ ಬಳಿ, ಎಡಗಡೆಯ ಹೋಟೆಲ್ ಮುಂದಿನಿಂದ ರಸ್ತೆಗೆ ಬಂದ ಗೂಡ್ಸ್ ಆಟೋಗೆ ಗುದ್ದಿದ್ದರು. ಆಸ್ಪತ್ರೆಯಲ್ಲಿ ಅವರು ನನಗೆ ಹೇಳಿದ್ದು: “ಏಕಾಏಕಿ ಬಂತಲೇ.” ಆಟೋದವನು ಹೊರಗೆ ನಿಂತಿದ್ದ. ಅವನು ಹೇಳಿದ್ದು ಬೇರೆ: “ನಾನು ನಿಂತಿದ್ದೆನ್ರಿ ಅಣ್ಣಾರ. ಹಾರ್ನೂ ಹೊಡದೆ. ಸೀದಾ ನೋಡ್ಕೋಂತನ ಬಂದು ಗುದ್ದಿದ್ರು.” ನಮ್ಮ ಪತ್ರಿಕೆಗೆ ಬರುವ ಅಪಘಾತದ ಸುದ್ದಿಗಳಲ್ಲಿ ‘ಏಕಾಏಕಿ’ ಎಂಬ ಪದ ಇಲ್ಲದ ಸುದ್ದಿ ಅಪರೂಪ. ಎರಡೂ ಕಡೆಯ ಹಿರಿಯರು ಮಾತಾಡಿಕೊಂಡರು. ಪ್ರಕರಣ ದಾಖಲಾಗಲಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿ, ಎದ್ದು ಓಡಾಡಬಾರದು ಎಂದರು. ವರ್ಷಗಟ್ಟಲೆ ಪಾಳಿಯಲ್ಲಿ ದುಡಿದ ಮನುಷ್ಯ ಮಂಚದ ಮೇಲೆ ಕೂತು ಮನೆಯವರ ಮೇಲೆ ರೇಗತೊಡಗಿದರು. “ಇವರಿಗೆ ಏನಾರ ಕೊಡು, ಇಲ್ಲಾಂದ್ರ ನನ್ನ ತವರಿಗೆ ಕಳಿಸು” ಎಂದಳು ಅಕ್ಕ. ನಾನು ಲ್ಯಾಪ್‌ಟಾಪ್ ತಂದುಕೊಟ್ಟೆ. ಅದರಲ್ಲಿ ನಾನು ಆಡುತ್ತಿದ್ದ ಫುಟ್‌ಬಾಲ್ ಮ್ಯಾನೇಜರ್ ಆಟವಿತ್ತು.

ಈ ಆಟದಲ್ಲಿ ಆಡುವವನು ಚೆಂಡು ಒದೆಯುವುದಿಲ್ಲ. ಅವನು ಕ್ಲಬ್ಬಿನ ಮ್ಯಾನೇಜರ್. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾವಾಗ ಮುಂದೆ ನುಗ್ಗಬೇಕು ಎಂದು ತೀರ್ಮಾನಿಸುತ್ತಾನೆ. ಆಮೇಲೆ ಹಸಿರು ಮೈದಾನದ ಮೇಲೆ ಬಣ್ಣದ ಚುಕ್ಕೆಗಳು ಓಡುವುದನ್ನು ನೋಡುತ್ತಾನೆ. ನಾವು ಆರಿಸಿಕೊಂಡದ್ದು ಯಾವುದೋ ಚಳಿದೇಶದ ಸಣ್ಣ ಊರಿನ ಕ್ಲಬ್. ಊರು ನದಿಯ ದಡದಲ್ಲಿತ್ತು. ಭಾವನ ಹುಟ್ಟೂರು ಕಂಪ್ಲಿಯೂ ನದಿಯ ದಡದಲ್ಲೇ ಇರುವುದರಿಂದ ಅವರಿಗೆ ಅಷ್ಟು ಸಾಕಾಯಿತು. ಹಿಂದಿನ ಸಾಲಿನ ಒಬ್ಬ ದಪ್ಪ ಆಟಗಾರನಿಗೆ ‘ಅದಿರು ಲಾರಿ’ ಎಂದು ಹೆಸರಿಟ್ಟರು.

“ಭಾವಾರ, ಅವ ಭಾಳ ನಿಧಾನ. ಮಾರಿಬಿಡೋಣು.”

“ಬ್ಯಾಡ. ಲಾರಿ ನಿಧಾನ ಇದ್ರೂ ಅದರ ಮುಂದ ಯಾವನೂ ಅಡ್ಡ ಬರಂಗಿಲ್ಲ. ಸಂಡೂರು ರೋಡಿನಾಗ ನೋಡೀ ಇಲ್ಲೋ?”

ನಾವು ಆಡುವ ರೀತಿ ಮೊದಲ ವಾರದಲ್ಲೇ ನಿಗದಿಯಾಯಿತು. ಭಾವ ಪರದೆಯ ಎದುರು ಕೂರುತ್ತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಸ್ಕೋರು, ನಿಮಿಷ, ಯಾರಿಗೆ ಸುಸ್ತಾಗಿದೆ, ಯಾರಿಗೆ ಹಳದಿ ಕಾರ್ಡ್ ಬಂದಿದೆ ಎಂಬುದನ್ನು ಓದಿ ಹೇಳುತ್ತಿದ್ದೆ. ಅವರು ತೀರ್ಮಾನ ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಇಬ್ಬರಿಗೂ ಇದು ಅಭ್ಯಾಸವಿದ್ದ ಕೆಲಸ. ಡೆಸ್ಕ್‌ನಲ್ಲಿ ಮುಖಪುಟ ಕಳಿಸುವ ಮುನ್ನ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ಕ್ರೇನ್‌ನಲ್ಲಿ ಆಪರೇಟರ್ ಮೇಲೆ ಗಾಜಿನ ಕ್ಯಾಬಿನ್‌ನಲ್ಲಿರುತ್ತಾನೆ, ಕೆಳಗೆ ನೆಲದಲ್ಲಿ ಸಿಗ್ನಲ್‌ಮನ್ ನಿಂತು ವಾಕಿಟಾಕಿಯಲ್ಲಿ ಎಡಕ್ಕೆ, ಬಲಕ್ಕೆ, ನಿಲ್ಲಿಸು ಎನ್ನುತ್ತಾನೆ. ಅವನು ಕೊನೆಗೆ ಏನು ಹೇಳಿದನೋ ಅದೇ ಲೆಕ್ಕ. ಅವನು ಮತ್ತೆ ಹೇಳುವವರೆಗೆ ಆಪರೇಟರ್ ತನ್ನಷ್ಟಕ್ಕೆ ಬದಲಿಸಬಾರದು. ಭಾವ ಇದನ್ನು ನನಗೆ ಹೆಮ್ಮೆಯಿಂದ ವಿವರಿಸಿದ್ದರು.

ಒಬ್ಬರೇ ಇದ್ದಾಗ ಅವರು ಆಟ ಮುಟ್ಟುತ್ತಿರಲಿಲ್ಲ. ಒಮ್ಮೆ ಮುಟ್ಟಿದಾಗ ಸೋತರು. ಮೌಸ್‌ನ ಬಾಣ ಎಲ್ಲಿ ಹೋಗುತ್ತದೆಂದೇ ತಿಳಿಯುವುದಿಲ್ಲ ಎಂದು ಬೈದರು. “ನಿನ್ನ ಕಂಪ್ಯೂಟರು ನಿನ್ನಂಗ, ಒಂದು ಕಡೆ ನಿಂದ್ರಂಗಿಲ್ಲ.” ಮೌಸ್ ಹಳೆಯದು ಎಂದುಕೊಂಡು ಹೊಸದು ತಂದೆ.

ಕ್ಲಬ್ ಚೆನ್ನಾಗಿ ಆಡಿತು. ಭಾವನಿಗೆ ತಾಳ್ಮೆ ಇತ್ತು. ಒಂದು ಗೋಲು ಹೊಡೆದ ಮೇಲೆ ಎರಡನೆಯದಕ್ಕೆ ಆಸೆ ಪಡುತ್ತಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಪ್ಲಾಸ್ಟರ್ ಬಿಚ್ಚಿದಾಗ ನಾವು ಎರಡನೇ ಸ್ಥಾನದಲ್ಲಿದ್ದೆವು. ಮೊದಲ ಎರಡು ಸ್ಥಾನದವರಿಗೆ ಬಡ್ತಿ. ಮೇ ಎರಡನೇ ಭಾನುವಾರದ ಮರುದಿನ, ಸೋಮವಾರ, ಭಾವ ಕೆಲಸಕ್ಕೆ ಹಾಜರಾಗಬೇಕಿತ್ತು. ಅದಕ್ಕೂ ಮೊದಲು ಕಾರ್ಖಾನೆಯ ವೈದ್ಯರು ಕಾಲು, ಬಿಪಿ, ಕಣ್ಣು ನೋಡಿ ಫಿಟ್ ಎಂದು ಬರೆಯಬೇಕು. ಭಾನುವಾರ ಕೊನೆಯ ಪಂದ್ಯ ಆಡಿ ಮುಗಿಸುವುದೆಂದಾಯಿತು.

ಮೂರನೇ ಸ್ಥಾನದ ತಂಡ ನಮಗಿಂತ ಒಂದೇ ಅಂಕ ಹಿಂದಿತ್ತು. ಅದೂ ಅದೇ ಹೊತ್ತಿಗೆ ಬೇರೆ ಮೈದಾನದಲ್ಲಿ ಆಡುತ್ತಿತ್ತು. ಅವರು ಗೆದ್ದರೆ ನಾವೂ ಗೆಲ್ಲಲೇಬೇಕು. ಅವರು ಗೆಲ್ಲದಿದ್ದರೆ ನಮಗೆ ಡ್ರಾ ಸಾಕು. ಅಲ್ಲಿನ ಸ್ಕೋರು ನಮ್ಮ ಪರದೆಯ ಎಡಮೂಲೆಯಲ್ಲಿ ಬರುತ್ತಿತ್ತು.

ದ್ವಿತೀಯಾರ್ಧದಲ್ಲಿ ನಮ್ಮದು ಒಂದು–ಒಂದು. ಅಲ್ಲಿ ಅವರು ಒಂದು ಗೋಲಿನಿಂದ ಮುಂದಿದ್ದರು. “ಅವರು ಲೀಡ್‌ನಾಗ ಅದಾರ” ಎಂದೆ. “ಹಂಗಾದ್ರ ಎಲ್ಲಾರನ್ನೂ ಮುಂದ ಕಳಿಸು” ಎಂದರು ಭಾವ. ಕಳಿಸಿದೆ. ಆಗ ಕಚೇರಿಯಿಂದ ಫೋನ್ ಬಂತು. ಹಿಂದಿನ ದಿನದ ಸುದ್ದಿಯೊಂದಕ್ಕೆ ಸ್ಪಷ್ಟನೆ ಹಾಕುವ ವಿಷಯ. ನಾನು ಅಂಗಳಕ್ಕೆ ಹೋಗಿ ಮಾತಾಡಿದೆ.

ವಾಪಸ್ ಬಂದಾಗ ಪಂದ್ಯ ಕೊನೆಯ ಹಂತದಲ್ಲಿತ್ತು. ಎಡಮೂಲೆಯಲ್ಲಿ ಆ ಇನ್ನೊಂದು ಪಂದ್ಯ ಸಮವಾಗಿತ್ತು. ಅದರ ಕೆಳಗೆ ಅದಿರು ಲಾರಿಯ ಹೆಸರಿನ ಎದುರು ಗಾಯದ ಕೆಂಪು ಗುರುತು ಮಿನುಗುತ್ತಿತ್ತು. ಆದರೂ ನಮ್ಮವರೆಲ್ಲ ಮುಂದೇ ಇದ್ದರು. ಎದುರಾಳಿಯ ಇಬ್ಬರು ನಮ್ಮ ಖಾಲಿ ಅರ್ಧದಲ್ಲಿ ಓಡಿಬರುತ್ತಿದ್ದರು. ನಾನು ಆಟ ನಿಲ್ಲಿಸಿದೆ.

“ಭಾವಾರ, ಅಲ್ಲಿ ಡ್ರಾ ಆಗೇತಿ. ಯಾಕ ಹಿಂದಕ್ಕ ಕರೀಲಿಲ್ಲ?”

“ನೀ ಹೇಳಬೇಕಲ್ಲಲೇ.”

“ಇಲ್ಲೇ ಬರದೈತಲ್ರಿ.”

“ಎಲ್ಲಿ?”

ನಾನು ಬೆರಳಿಟ್ಟೆ. ಅವರು ಕಣ್ಣು ಹೊರಳಿಸಲಿಲ್ಲ. ಮುಖವನ್ನೇ ಆ ಮೂಲೆಗೆ ತಿರುಗಿಸಿದರು, ಬೀಗದ ತೂತಿನಿಂದ ನೋಡುವವರ ಹಾಗೆ. “ಹೂಂ. ಐತಿ” ಎಂದರು.

ಗಾಯಗೊಂಡವನನ್ನು ಕೂರಿಸಿ, ಉಳಿದವರನ್ನು ಹಿಂದಕ್ಕೆ ಕರೆಸಿದೆವು. ಪಂದ್ಯ ಒಂದು–ಒಂದರಲ್ಲೇ ಮುಗಿಯಿತು. ಪರದೆಯ ತುಂಬ ಬಣ್ಣದ ಕಾಗದ ಉದುರಿತು. ಭಾವ ನನ್ನ ಬೆನ್ನಿಗೆ ಗುದ್ದಿ, “ಚಾ ತರ್ಲಿಕ್ಕೆ ಹೇಳು ನಿಮ್ಮ ಅಕ್ಕಗ, ಸಕ್ಕರಿ ಜಾಸ್ತಿ ಹಾಕಂತ” ಎಂದರು.

ಅಕ್ಕ ಚಹಾ ತಂದು ಅವರ ಎಡಗಡೆ ಹಿಡಿದಳು. ಅವರು ತೆಗೆದುಕೊಳ್ಳಲಿಲ್ಲ. ಅವಳು ಕುರ್ಚಿಯ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದಳು. ಆಗ ತೆಗೆದುಕೊಂಡರು.

“ಅಕ್ಕಾ, ಯಾಕ ಸುತ್ತಿ ಬಂದಿ?”

“ಅವರಿಗೆ ಆ ಕಡೆ ಕೊಟ್ರ ಗೊತ್ತಾಗಂಗಿಲ್ಲಪ. ನೀರಿನ ಚೊಂಬೂ ಈ ಕಡೆನ ಇಡ್ತೀನಿ. ಆ ಕಡೆ ಇಟ್ರ ಒದೀತಾರ.”

“ಎಷ್ಟು ದಿನದಿಂದ?”

“ಹೋದ ದೀಪಾವಳಿಗಿಂತ ಮೊದ್ಲಿಂದ ಇರಬೇಕು. ಯಾಕ?”

ನಾನು ಭಾವನ ಎದುರು ಕೂತು, ನನ್ನ ಮೂಗು ನೋಡುತ್ತಿರಿ ಎಂದೆ. “ಏನು ಚಂದ ಐತಿ ಅಂತ ನೋಡ್ಲಿ” ಎಂದು ನಕ್ಕರು, ಆದರೂ ನೋಡಿದರು. ಎಡಗೈ, ಬಲಗೈ ಎರಡನ್ನೂ ಅಗಲಿಸಿ ಬೆರಳು ಆಡಿಸುತ್ತ ನಿಧಾನವಾಗಿ ಒಳಗೆ ತಂದೆ. ಬಲಗಡೆ ಅವರ ಭುಜದ ನೇರಕ್ಕೆ ಬಂದಾಗ ‘ಕಂಡ್ತು’ ಎಂದರು. ಎಡಗಡೆ ನನ್ನ ಬೆರಳು ಅವರ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದರೂ ಏನೂ ಹೇಳಲಿಲ್ಲ. ಅಕ್ಕ ತನ್ನ ಚಹಾ ಲೋಟ ಕೆಳಗಿಟ್ಟಳು.

“ನಾಳೆ ಡಾಕ್ಟರಿಗೆ ಇದನ್ನ ಹೇಳ್ರಿ” ಎಂದೆ.

“ಏನಂತ ಹೇಳಲಿ? ಚಾರ್ಟಿನಾಗ ಕೊನೀ ಸಾಲು ಓದ್ತೀನಿ ನಾನು. ನೀ ಕನ್ನಡಕ ಹಾಕ್ಕೊಂಡೂ ಓದಂಗಿಲ್ಲ. ಮತ್ತೇನು ಬೇಕು?”

“ಪಕ್ಕದ್ದು ಕಾಣಬೇಕಲ್ರಿ.”

“ಕ್ರೇನಿನಾಗ ಪಕ್ಕದ್ದು ಯಾಕ? ಸೀದಾ ಕೆಳಗ ನೋಡೋದು. ಉಳಿದದ್ದು ಸಿಗ್ನಲ್‌ಮನ್ ಹೇಳ್ತಾನ.”

ಅಕ್ಕ ಕೇಳಿದಳು: “ಅವ ಹೇಳದಿದ್ರ?”

ಭಾವ ಚಹಾ ಮುಗಿಸಿದರು. ಆಮೇಲೆ ತಾವೇ ಹೇಳಿದರು. ಅಪಘಾತಕ್ಕೆ ಮುಂಚಿನ ಚಳಿಗಾಲದಲ್ಲಿ ಒಂದು ದಿನ ಉಕ್ಕಿನ ಸುರುಳಿಯನ್ನು ಎತ್ತಿ ಎಡಕ್ಕೆ ಸಾಗಿಸುತ್ತಿದ್ದಾಗ ಸಿಗ್ನಲ್‌ಮನ್‌ನ ವಾಕಿಟಾಕಿಯ ಬ್ಯಾಟರಿ ಸತ್ತಿತ್ತು. ಕೆಳಗೆ ಯಾರೋ ಕೂಗಿದರು. ಭಾವ ಕ್ರೇನ್ ನಿಲ್ಲಿಸಿದರು. ತಲೆ ತಿರುಗಿಸಿ ನೋಡಿದಾಗ ಒಬ್ಬ ಗುತ್ತಿಗೆ ಕಾರ್ಮಿಕ ನೆಲದ ಮೇಲೆ ಬಿದ್ದಿದ್ದ. ಸುರುಳಿ ತಾಗಿರಲಿಲ್ಲ, ತಪ್ಪಿಸಿಕೊಳ್ಳಲು ಹಾರಿ ಬಿದ್ದಿದ್ದ. ಅವನು ಎದ್ದು ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಹೋದ.

“ಏನೂ ಆಗಲಿಲ್ಲ. ಯಾರೂ ಬರಕೊಳ್ಳಲಿಲ್ಲ. ನೀನೂ ಬರೀಬ್ಯಾಡ.”

“ನಾನು ಬರೆಯೋದು ಬಿಡ್ರಿ. ನೀವು ನಾಳೆ ಹೇಳ್ತೀರೋ ಇಲ್ಲೋ?”

“ಹೇಳಿದ್ರ ಕ್ರೇನ್ ಹೋತು. ಈ ವಯಸ್ಸಿನಾಗ ಕೆಳಗ ಕಸ ಹೊಡಿಲೇನು?”

“ಹೊಡೀರಿ” ಎಂದಳು ಅಕ್ಕ. “ಮನ್ಯಾಗೂ ಯಾವತ್ತೂ ಹೊಡದಿಲ್ಲ, ಅಲ್ಲೇ ಕಲೀರಿ.” ಅವಳು ನಗಲಿಲ್ಲ. ಭಾವ ಎದ್ದು, ಕುಂಟುತ್ತ ಒಳಗೆ ಹೋಗಿ ಮಲಗಿದರು. ಸಂಜೆ ನಾನು ಕಚೇರಿಗೆ ಹೊರಟಾಗಲೂ ಹೊರಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವರನ್ನು ಬೈಕ್‌ನಲ್ಲಿ ಕಾರ್ಖಾನೆಯ ಗೇಟಿನವರೆಗೆ ನಾನೇ ಕರೆದೊಯ್ದೆ. ಗೇಟಿನೊಳಗೆ ನನಗೆ ಪ್ರವೇಶವಿಲ್ಲ. ಎದುರಿನ ಚಹಾ ಅಂಗಡಿಯಲ್ಲಿ ಕೂತೆ. ಅವರು ಹೇಳದೆ ಬಂದರೆ ನಾನು ಯಾರಿಗೆ ಹೇಳಬೇಕು ಎಂದು ಯೋಚಿಸುತ್ತಿದ್ದೆ. ವೈದ್ಯರಿಗೋ, ಅವರ ಮೇಲಿನ ಅಧಿಕಾರಿಗೋ, ಸುರಕ್ಷತೆ ವಿಭಾಗಕ್ಕೋ. ಪಾಳಿ ಬದಲಾಗುವ ಹೊತ್ತು. ಧೂಳು ಮೆತ್ತಿದ ಬೂಟುಗಳಲ್ಲಿ ಜನ ಗುಂಪಾಗಿ ಬಸ್ಸಿನಿಂದ ಇಳಿದು ಒಳಗೆ ಹೋಗುತ್ತಿದ್ದರು. ಅವರಲ್ಲಿ ಅಂದು ಬಿದ್ದವನು ಯಾರೆಂದು ನನಗೆ ಗೊತ್ತಿರಲಿಲ್ಲ.

ಒಳಗೆ ನಡೆದದ್ದನ್ನು ನಾನು ನೋಡಿಲ್ಲ. ಭಾವ ಹೇಳಿದ್ದು ಇಷ್ಟು. ವೈದ್ಯರು ಕಾಲು ನೋಡಿದರು, ಸರಿಯಿದೆ ಎಂದರು. ಭಾವ ಚಾರ್ಟಿನ ಕೊನೆಯ ಸಾಲಿನವರೆಗೆ ಓದಿದರು. ವೈದ್ಯರು ಸಹಿ ಹಾಕಲು ಪೆನ್ನು ತೆಗೆದರು. ಭಾವ, “ಸಾರ್, ನೀವು ಪಕ್ಕದ್ದು ಕೇಳಲಿಲ್ಲ” ಎಂದರು. ವೈದ್ಯರಿಗೆ ಮೊದಲು ಅರ್ಥವಾಗಲಿಲ್ಲ. ಭಾವ ತಾವೇ ಕುರ್ಚಿ ಎಳೆದು, ಎದುರು ಕೂರಲು ಹೇಳಿ, ಬೆರಳು ಆಡಿಸುವುದು ಹೇಗೆಂದು ತೋರಿಸಿದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ದೃಷ್ಟಿಯ ವಿಸ್ತಾರ ಅಳೆಯುವ ಪರೀಕ್ಷೆ ಮಾಡಿದರು. ಗ್ಲಾಕೋಮಾ, ಅಂಚಿನಿಂದ ನೋಟ ಕಳೆಯುತ್ತ ಬರುವ ಕಣ್ಣಿನ ಕಾಯಿಲೆ. ಎರಡೂ ಕಣ್ಣಿಗಿದೆ, ಎಡಗಣ್ಣಿನಲ್ಲಿ ಮುಂದುವರಿದಿದೆ. ನಟ್ಟನಡುವಿನ ನೋಟ ಕೊನೆಯವರೆಗೆ ಚೆನ್ನಾಗಿಯೇ ಇರಬಹುದು, ಹಾಗಾಗಿ ಚಾರ್ಟ್ ಓದುವವರಿಗೆ ತಿಳಿಯುವುದಿಲ್ಲ ಎಂದು ವೈದ್ಯರು ವಿವರಿಸಿದರು. ಹೋದ ದೃಷ್ಟಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನವೂ ಔಷಧಿಯ ಹನಿ ಹಾಕಬೇಕು. ಇದು ಒಂದೇ ಮನೆತನದಲ್ಲಿ ಹಲವರಿಗೆ ಬರಬಹುದು, ಒಡಹುಟ್ಟಿದವರು ಪರೀಕ್ಷೆ ಮಾಡಿಸಬೇಕು ಎಂದೂ ಹೇಳಿದರು.

ಭಾವನನ್ನು ಕ್ರೇನ್‌ನಿಂದ ಇಳಿಸಿ ಸ್ಟೋರ್‌ಗೆ ಹಾಕಿದರು. ಆಟವನ್ನು ಅವರು ಮತ್ತೆ ತೆರೆದಿಲ್ಲ. ನಾನು ಕೆಲವು ಪಂದ್ಯ ಆಡಿಸಿದೆ. ಐದನೇ ದರ್ಜೆಯಲ್ಲಿ ಕ್ಲಬ್ ಕೊನೆಯಿಂದ ಮೂರನೆಯದಾಗಿದ್ದಾಗ ನಿಲ್ಲಿಸಿದೆ. ಈ ಬರಹವನ್ನು ಭಾವನಿಗೆ ಓದಿ ಹೇಳಿದ್ದೇನೆ. ಹೆಸರು ಯಾರದ್ದೂ ಬೇಡ ಎಂದರು.

ಅವರಿಗೆ ಒಬ್ಬನೇ ತಮ್ಮ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾನೆ. ಪರೀಕ್ಷೆ ಮಾಡಿಸು ಎಂದು ಭಾವ ಎರಡು ಸಲ ಹೋಗಿ ಹೇಳಿ ಬಂದರು. ಕಳೆದ ವಾರ ಅಕ್ಕ ಅವನಿಗೆ ಫೋನ್ ಮಾಡಿದಾಗ ಅವನು ಲೋಡ್ ತೆಗೆದುಕೊಂಡು ಬುಕ್ಕಸಾಗರದ ದಾರಿಯಲ್ಲಿದ್ದ. ಪರೀಕ್ಷೆಗೆ ಇನ್ನೂ ಹೋಗಿಲ್ಲ.