ಇಳಿಯದ ಹುಟ್ಟುಹಬ್ಬ

ಜುಸಾರಾಳ ಮಗಳು ಲುವಾನಾ ಹುಟ್ಟಿದ್ದು ಆಗಸ್ಟ್ ಎಂಟರಂದು. ಆದರೆ ಆ ಮನೆಯಲ್ಲಿ ಆಗಸ್ಟ್ ಎಂಟಕ್ಕೆ ಯಾವತ್ತೂ ಮೇಣದಬತ್ತಿ ಹಚ್ಚಿದ್ದಿಲ್ಲ. ಅಮ್ಮ ಕಡಲಿನಿಂದ ಇಳಿದ ದಿನವೇ ಹುಟ್ಟುಹಬ್ಬ. ಮೊದಲನೆಯದು ಹದಿನಾರಕ್ಕೆ ಆಯಿತು, ಎರಡನೆಯದು ಹದಿನೈದಕ್ಕೆ, ಮೂರನೆಯದು ಹದಿಮೂರಕ್ಕೆ. ಕಡಲಿನ ಎಣ್ಣೆ ಕೆಲಸಕ್ಕೆ ಹೋಗುವವರ ಊರಾದ ಮಕಾಯೆಯಲ್ಲಿ ಇದೇನೂ ಹೊಸದಲ್ಲ. ಅಲ್ಲಿ ಅರ್ಧ ಮನೆಗಳ ಕ್ರಿಸ್‌ಮಸ್ ಜನವರಿಯಲ್ಲೇ ಬರುವುದು.

ಹದಿನಾಲ್ಕು ದಿನ ಕಡಲಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ. ಇಂಥ ಹದಿಮೂರು ಸುತ್ತು ಕೂಡಿದರೆ ಮುನ್ನೂರ ಅರವತ್ತನಾಲ್ಕು ದಿನ. ಹಾಗಾಗಿ ವರ್ಷವಿಡೀ ಸುತ್ತಿ ಬಂದರೂ ತಾರೀಕು ಸುತ್ತಿನಲ್ಲಿ ಮುಂದೆ ಸರಿಯುವುದು ಒಂದೇ ಒಂದು ದಿನ. ಮಗಳ ಮೊದಲ ಹುಟ್ಟುಹಬ್ಬ ಕಡಲಿನ ಏಳನೇ ದಿನಕ್ಕೆ ಬಿದ್ದಿದ್ದರಿಂದ ಮುಂದಿನ ಐದೂ ಕಡಲಿಗೇ ಬಿದ್ದವು. ಎರಡು ಅಧಿಕ ವರ್ಷಗಳು ನಡುವೆ ಬಂದು ಎರಡು ದಿನ ಮುಂದೆ ನೂಕಿದ್ದಕ್ಕೆ ಏಳನೆಯದು ಸರಿಯಾಗಿ ಇಳಿಯುವ ದಿನಕ್ಕೆ, ಗುರುವಾರ ಎಂಟನೇ ತಾರೀಕಿಗೆ ಬಂತು. ಗಂಡ ಗಿಲ್ವಾನ್ ಮೂರು ಪದರದ ಕೇಕು ಹೇಳಿದ್ದ, ಮಗಳ ತರಗತಿಯ ಹನ್ನೊಂದು ಮಕ್ಕಳನ್ನು ನಾಲ್ಕು ಗಂಟೆಗೆ ಕರೆದಿದ್ದ.

ಜುಸಾರಾ ಕಡಲ ಮೇಲಿನ ಅಟ್ಟದಲ್ಲಿ ಎಣ್ಣೆ ಬಾವಿಗಳನ್ನು ಕಾಯುವವಳು. ಅವಳ ಅಪ್ಪ ಸೀಗಡಿ ಹಿಡಿಯುವುದು ಬಿಟ್ಟು, ನಡುಗಡಲಿನಲ್ಲಿ ಈ ಉಕ್ಕಿನ ಅಟ್ಟ ಎಬ್ಬಿಸುವಾಗ ಬೆಸುಗೆಗೆ ಸೇರಿದ್ದ. ಆಗ ಬಾವಿಗಳು ತಾವಾಗಿಯೇ ಉಕ್ಕುತ್ತಿದ್ದವಂತೆ. ಈಗ ಮೇಲೆ ಬರುವ ಹತ್ತು ಪಾಲಿನಲ್ಲಿ ಒಂಬತ್ತು ನೀರು. ಆ ನೀರನ್ನು ಬೇರ್ಪಡಿಸಬೇಕು, ತೊಳೆಯಬೇಕು, ಮತ್ತೆ ಕಡಲಡಿಯ ಬಂಡೆಗೇ ತಳ್ಳಿ, ಆ ಒತ್ತಡಕ್ಕಾದರೂ ಇನ್ನಷ್ಟು ಎಣ್ಣೆ ಏರೀತೇ ಎಂದು ಕಾಯಬೇಕು. ಏಳನೇ ಬಾವಿಯಂತೂ ಹಟಮಾರಿ ಕೂಸು ಗಂಜಿ ಉಗುಳಿದ ಹಾಗೆ ಮರಳು ಉಗುಳುತ್ತಿತ್ತು. ಅದನ್ನು ಎರಡು ಗಂಟೆಗೊಮ್ಮೆ ನೋಡದಿದ್ದರೆ ಕವಾಟವೇ ಸವೆದುಹೋಗುವುದು. ಅದಕ್ಕೇ ಅಟ್ಟದ ಮೇಲೆ ಒಂದು ಕಟ್ಟಳೆ: ಬದಲಿಯವನ ಬೂಟು ಅಟ್ಟಕ್ಕೆ ತಾಗುವವರೆಗೆ ನೀನು ಕದಲುವಂತಿಲ್ಲ.

ಅವಳ ಬದಲಿ ಅದೆಮಾರ್. ಹನ್ನೊಂದು ವರ್ಷದಿಂದ ಇಬ್ಬರದೂ ಒಂದೇ ಕೆಲಸ, ಒಂದೇ ಕುರ್ಚಿ. ಒಂದು ದಿನವೂ ಜೊತೆಗೆ ಕೂತು ಉಂಡವರಲ್ಲ. ಹೆಲಿಕಾಪ್ಟರಿನ ಗದ್ದಲದಲ್ಲಿ ಹತ್ತು ನಿಮಿಷ ನಿಂತು ಕೆಲಸ ಒಪ್ಪಿಸಿದರೆ ಮುಗಿಯಿತು. ಅವನು ಬಿಟ್ಟುಹೋಗುವ ಚೀಟಿಯಲ್ಲಿ ಯಾವಾಗಲೂ ಎರಡೇ ಪದ: ‘ಎಲ್ಲಾ ಸರಿ.’ ಯಾವುದೂ ಸರಿ ಇರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ದಡದಲ್ಲಿ ಮಂಜು. ಹೆಲಿಕಾಪ್ಟರ್ ಹತ್ತೂವರೆಗೆ ಹೊರಟಿತು ಎಂದಾಗ ಜುಸಾರಾ ಚೀಲದ ಜಿಪ್ಪನ್ನು ಮೂರನೇ ಸಲ ಎಳೆದಳು. ಆಮೇಲೆ ರೇಡಿಯೋ ಕೋಣೆಯವನು ತಲೆ ಹೊರಹಾಕಿ, ಅದೆಮಾರ್ ಅದರಲ್ಲಿಲ್ಲ ಎಂದ. ಕಡಲಿಗೆ ಬಿದ್ದ ಹೆಲಿಕಾಪ್ಟರಿನಿಂದ ಈಜಿ ಪಾರಾಗುವ ತರಬೇತಿಯ ಪ್ರಮಾಣಪತ್ರ ನಿನ್ನೆಗೇ ಮುಗಿದಿದೆಯಂತೆ. ಬಾಗಿಲಲ್ಲೇ ಇಳಿಸಿಬಿಟ್ಟರಂತೆ.

“ಹನ್ನೊಂದು ವರ್ಷ ಈಜು ಬರ್ತಿತ್ತು, ಇವತ್ತು ಬೆಳಿಗ್ಗೆ ಎದ್ದು ಮರ್ತುಬಿಟ್ನಾ ಅವ್ನು?” ಎಂದಳು ಜುಸಾರಾ.

ಅದೆಮಾರನೇ ದಡದಿಂದ ಫೋನು ಮಾಡಿದ. ನಾಳೆಯೇ ಕೊಳದಲ್ಲಿ ಮುಳುಗಿ ಎದ್ದು, ಶನಿವಾರ ಬರುತ್ತೇನೆಂದ. ತಾರೀಕು ನೋಡುವುದಕ್ಕೇನು ಕಣ್ಣಿರಲಿಲ್ಲವೇ ಎಂದು ಅವಳು ಕೇಳಿದ್ದಕ್ಕೆ, “ನೋಡ್ದೆ ಕಣಮ್ಮಾ, ಎಲ್ಲಾ ಸರಿ ಅನ್ನಿಸ್ತು,” ಎಂದ.

ಮೇಲ್ವಿಚಾರಕನ ಮುಂದೆ ಅವಳು ಗೋಗರೆದಳು. ಏಳನೇ ಬಾವಿಯನ್ನು ಇನ್ಯಾರು ಬಲ್ಲರು ಎಂದು ಅವನು ಕೇಳಿದ. ಯಾರೂ ಇರಲಿಲ್ಲ. ಜಿಪ್ಪು ಹಾಕಿದ ಚೀಲ ಬಿಟ್ಟು, ಹೆಲ್ಮೆಟ್ಟು ಹಾಕಿಕೊಂಡು, ಆ ದರಿದ್ರ ಬಾವಿಯ ಬಳಿಗೇ ನಡೆದಳು.

ಶನಿವಾರ ಬರುವುದೆಂದು ಗಂಡನಿಗೆ ಆಗಲೇ ತಿಳಿಸಿದ್ದವಳು ನಾಲ್ಕೂ ಕಾಲಿಗೆ ಮತ್ತೆ ಮನೆಗೆ ಫೋನು ಹಚ್ಚಿದಳು. ಕೆನೆ ಹುಳಿಯಾಗಿದೆಯೋ, ಮಗಳು ಅತ್ತು ಅತ್ತು ಕೆಮ್ಮು ತರಿಸಿಕೊಂಡಿದ್ದಾಳೋ ಎಂದು ಎಣಿಸುತ್ತಾ ಕಾದಳು. ಹನ್ನೊಂದು ಮಕ್ಕಳು ಉಡುಗೊರೆ ಹಿಡಿದು ಬಂದರೆ, ಲುವಾನಾ ಬಾಗಿಲಿಗೆ ಅಡ್ಡ ನಿಂತು ವಾಪಸು ಕಳಿಸುತ್ತಿದ್ದಾಳೆ ಎಂದ ಗಿಲ್ವಾನ್.

“ಅವಳಿಗೆ ಕೊಡಿ,” ಎಂದಳು ಜುಸಾರಾ. ಮಗಳು ಫೋನಿಗೆ ಬಂದಳು. “ಚಿನ್ನ, ಒಳಗೆ ಕರಿ ಎಲ್ರನ್ನೂ. ಕೇಕ್ ಕತ್ತರಿಸು. ಇವತ್ತೇ ನಿನ್ ಹುಟ್ಟುಹಬ್ಬ.”

“ನೀನು ಇಳ್ದೇ ಇಲ್ವಲ್ಲ.”

“ನಾನು ಇಳೀದಿದ್ರೂ ಇವತ್ತೇ ಕಣೇ. ಆಸ್ಪತ್ರೆ ಕಾಗದದಲ್ಲಿದೆ.”

“ಸುಳ್ಳು. ಪ್ರತಿ ಸಲ ನೀನೇ ಹೇಳ್ತೀಯಲ್ಲ, ಅಮ್ಮ ಇಳಿಯೋವರ್ಗೂ ಅದು ಬರಲ್ಲ ಅಂತ. ಅವ್ರಿಗೆಲ್ಲ ಶನಿವಾರ ಬರಕ್ಕೆ ಹೇಳಿದೀನಿ. ನೀನು ಮೆಟ್ಲು ಇಳೀವಾಗ ಕಂಬಿ ಹಿಡ್ಕೋ,” ಎಂದು ಲುವಾನಾ ಫೋನಿಟ್ಟಳು.

ಆರು ವರ್ಷ ತಾನೇ ಹೇಳಿಕೊಟ್ಟ ಸುಳ್ಳು. ಅಳುವ ಮಗುವನ್ನು ಸಮಾಧಾನ ಮಾಡಲು ಹೇಳಿದ್ದು ಇಷ್ಟು ಗಟ್ಟಿಯಾಗಿ ಬೇರುಬಿಟ್ಟಿರುತ್ತದೆಂದು ಅವಳಿಗೇನು ಗೊತ್ತು?

ಶನಿವಾರ ಅದೆಮಾರ್ ಬಂದ. ಎರಡು ದಿನ ಮಸೆದಿಟ್ಟ ಬೈಗುಳವೆಲ್ಲ ರೆಕ್ಕೆಯ ಸದ್ದಿನಲ್ಲಿ ಕೊಚ್ಚಿಹೋಯಿತು. ಅವನು ನಕ್ಕು ಹೆಬ್ಬೆರಳೆತ್ತಿದ. ಏಳನೇ ಬಾವಿಯ ಬಗ್ಗೆ ಎರಡು ಪುಟ ಬರೆದಿಟ್ಟಿದ್ದವಳು, ಅದನ್ನವನು ಓದುವುದಿಲ್ಲವೆಂದು ಬಲ್ಲವಳು, ಹಲ್ಲು ಕಚ್ಚಿ ಹೆಲಿಕಾಪ್ಟರ್ ಹತ್ತಿದಳು.

ಕೇಕಿನ ಅಂಚು ಒಣಗಿತ್ತು. ಹನ್ನೊಂದರಲ್ಲಿ ಐದು ಮಕ್ಕಳಷ್ಟೇ ಬಂದಿದ್ದವು. ಲುವಾನಾಗೆ ಅದೊಂದೂ ಕಾಣಲಿಲ್ಲ. ಏಳು ಬತ್ತಿಯನ್ನೂ ಒಂದೇ ಉಸಿರಿಗೆ ಆರಿಸಿದಳು. ಅವಳನ್ನು ತೊಡೆಗೆಳೆದುಕೊಂಡು ಜುಸಾರಾ ಲೆಕ್ಕ ಬಿಡಿಸಿ ಹೇಳಿದಳು. ಇನ್ನು ಮುಂದೆ ಪ್ರತಿ ವರ್ಷ ಆಗಸ್ಟ್ ಎಂಟು ಮನೆಯ ದಿನಗಳಿಗೇ ಬೀಳುತ್ತದೆ, ಹತ್ತು ವರ್ಷ ಈ ಗೋಳಿಲ್ಲ, ಅಮ್ಮ ಬೆಳಿಗ್ಗೆ ಎದ್ದಾಗಿನಿಂದ ಪಕ್ಕದಲ್ಲೇ ಇರುತ್ತಾಳೆ ಎಂದಳು.

ಮಗಳ ಮುಖ ಸಪ್ಪಗಾಯಿತು.

“ನೀನು ಮನೇಲೇ ಇದ್ರೆ,” ಎಂದಳು, “ಹುಟ್ಟುಹಬ್ಬ ಎಲ್ಲಿಂದ ಬರುತ್ತೆ?”

ಜುಸಾರಾ ಗಂಡನ ಕಡೆ ನೋಡಿದಳು. ಅವನು ಕೇಕಿನ ಒಣಗಿದ ಅಂಚನ್ನು ಬಾಯಿಗೆ ಹಾಕಿಕೊಂಡು ಆಚೆ ತಿರುಗಿದ.