ಡೋಲಿನ ಪಕ್ಕ ನಡೆಯುವವಳು

ದುರ್ಗಿ ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಕಡಿಮೆ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ತೆಂಗಿನ ಮಡಲಿನ ಒಂದು ಬೇಲಿ. ಬೆಳಗಾದರೆ ಅವಳು ಅದರಾಚೆ ಒಳಗೆ, ಹೊರಗೆ, ಬಾವಿಕಟ್ಟೆಗೆ, ಮತ್ತೆ ಒಳಗೆ. ಊಟಕ್ಕೆ ಕೂತರೂ ಒಂದು ಕಾಲು ಮಡಚಿ ಇನ್ನೊಂದು ಕಾಲನ್ನು ಏಳುವುದಕ್ಕೆ ತಯಾರಾಗಿಯೇ ಇಟ್ಟುಕೊಂಡಿರುತ್ತಾಳೆ.

"ಒಂದ್ ಗಳಿಗೆ ಕೂತ್ಕಳೆ ಮಾರಾಯ್ತಿ, ನಿನ್ನ ನೋಡಿ ನಂಗೇ ಸುಸ್ತಾತು" ಎಂದರೆ, "ಕೂತ್ರೆ ಈ ಕೈ ಎಂತ ಮಾಡ್ಬೇಕಕ್ಕಾ?" ಎಂದು ನನ್ನನ್ನೇ ಕೇಳುತ್ತಾಳೆ.

ಭಟ್ಕಳದ ಬಂದರಿನಲ್ಲಿ ಹರಿದ ಬಲೆ ನೇಯುವುದು ಅವಳ ಕೆಲಸ. ದಾರ ಎಷ್ಟು ಬಿಗಿದರೆ ಗಂಟು ನಿಲ್ಲುತ್ತದೆ, ಎಷ್ಟು ಬಿಗಿದರೆ ದಾರವೇ ಕಡಿಯುತ್ತದೆ ಎನ್ನುವುದು ಅವಳ ಬೆರಳಿಗೆ ಗೊತ್ತು. ಗಂಡ ದಾಸ ಬೋಟಿಗೆ ಹೋಗುವವನು, ಕೇರಿಯ ಡೋಲೂ ಅವನದೇ. ದಾಸನ ಡೋಲು ಎಂದರೆ ಎಲ್ಲರಿಗೂ ಗೊತ್ತು. ಅದರ ದನಿ ದುರ್ಗಿಯದು ಎಂದು ಬೇಲಿಯ ಈಚೆ ಇದ್ದ ನನಗೆ ಗೊತ್ತಿತ್ತು.

ಹಲಸಿನ ಮರದ ಡೋಲು ಅದು. ಎರಡು ಬದಿಗೂ ಆಡಿನ ಚರ್ಮ. ಚರ್ಮದ ಅಂಚನ್ನು ಬೆತ್ತದ ಬಳೆಗೆ ಸುತ್ತಿ, ಈ ಬದಿಯ ಬಳೆಗೂ ಆ ಬದಿಯ ಬಳೆಗೂ ಹಗ್ಗ ಎಳೆದು ಕಟ್ಟುತ್ತಿದ್ದರು. ಹಗ್ಗದ ಜೋಡಿಗಳಿಗೆ ಸಣ್ಣ ಉಂಗುರ ಹಾಕಿರುತ್ತಿತ್ತು. ಉಂಗುರ ಸರಿಸಿದರೆ ಹಗ್ಗ ಬಿಗಿ, ದನಿ ಮೇಲೆ. ಹಿಂದೆ ಸರಿಸಿದರೆ ಸಡಿಲ, ದನಿ ಕೆಳಗೆ. ಆದರೆ ಕಡಲ ಬದಿಯಲ್ಲಿ ಯಾವುದೂ ಬಿಗಿದಲ್ಲಿ ನಿಲ್ಲುವುದಿಲ್ಲ. ಉಪ್ಪುಗಾಳಿಗೆ ಚರ್ಮ ನೀರು ಕುಡಿಯುತ್ತದೆ, ಬೆತ್ತ ಬಾಗುತ್ತದೆ, ಹಗ್ಗ ಜಗ್ಗುತ್ತದೆ. ಕೇರಿಯ ತಿರುವು ದಾಟುವುದರೊಳಗೆ ದನಿ ಇಳಿದಿರುತ್ತದೆ. ಹಾಗಾಗಿ ದಾಸ ಬಾರಿಸುತ್ತಾ ನಡೆದರೆ ದುರ್ಗಿ ಅವನ ಪಕ್ಕಕ್ಕೇ, ಒಂದು ಕೈ ಹಗ್ಗದ ಮೇಲಿಟ್ಟು, ಉಂಗುರ ಸರಿಸುತ್ತಾ ನಡೆಯುತ್ತಿದ್ದಳು.

ನೂಲ ಹುಣ್ಣಿಮೆಗೆ ನಮ್ಮ ಕೇರಿಯವರು ಸಮುದ್ರಕ್ಕೆ ಕಾಯಿ ಬಿಡಲು ಹೋಗುತ್ತೇವೆ. ಮುಂದೆ ಡೋಲು, ಹಿಂದೆ ಕಾಯಿ ಹಿಡಿದ ಹಿರಿಯರು, ಆಮೇಲೆ ಗಂಡಸರು, ಕೊನೆಗೆ ಹೆಂಗಸರು. ಮುಂದೆ ಇರುವ ಹೆಂಗಸು ದುರ್ಗಿ ಒಬ್ಬಳೇ. ಅದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಗ್ಗ ಮಾಡಿದ್ದು. ತೆರೆ ಬಂದು ಕಾಲು ತೋಯಿಸುವವರೆಗೂ ಅವಳು ಅಲ್ಲೇ.

"ಆ ಒಂದ್ ದಿನ ಯಾರೂ ನಂಗೆ ಕೂತ್ಕ ಅನ್ನೂದಿಲ್ಲ" ಎಂದು ಒಮ್ಮೆ ಅಂದಿದ್ದಳು.

ಹೋದ ವರ್ಷ ಅರ್ಧ ದಾರಿಯಲ್ಲಿ ಮಳೆ ಜಡಿಯಿತು. ಒಂದು ಬಳೆ ಸೊಟ್ಟಗಾಗಿ, ದುರ್ಗಿ ಎಷ್ಟು ಎಳೆದರೂ ಡೋಲು ಒದ್ದೆ ಗೋಣಿ ಬಡಿದ ಹಾಗೆ ಬೊಜ್ಜ್ ಬೊಜ್ಜ್ ಎಂದಿತು. ಯುವಕ ಸಂಘದ ಶ್ರೀಧರ ಎಲ್ಲರೆದುರಿಗೇ ಹೇಳಿದ: "ದಾಸಣ್ಣಾ, ಇದು ಸತ್ತ್ ಹೋತು. ಬರೂ ವರ್ಷ ಕುಮಟೆಯಿಂದ ನಾಸಿಕ್ ಬ್ಯಾಂಡ್ ತರ್ಸೂದೇ." ದಾಸ ಆ ದಿನ ಊಟ ಮಾಡಲಿಲ್ಲ.

ಅವರ ಮಗ ವಿನೋದ ಹೊನ್ನಾವರದಲ್ಲಿ ಬೋಟ್ ರಿಪೇರಿಯ ಕಡೆ ವೆಲ್ಡಿಂಗ್ ಮಾಡುತ್ತಾನೆ. ಅಪ್ಪನ ಮುಖ ನೋಡಿದ್ದ. ಹಗ್ಗ ಎಳೆದೆಳೆದು ಅಮ್ಮನ ಬೆರಳಿನ ಸಂದು ಸೀಳಿದ್ದನ್ನೂ ನೋಡಿದ್ದ. ಈ ವರ್ಷ ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಗಿ ಬೋಟುಗಳೆಲ್ಲ ದಡದಲ್ಲಿದ್ದಾಗ ಎರಡು ಕಬ್ಬಿಣದ ಬಳೆ ಮಾಡಿಕೊಂಡು ಬಂದ. ಬಳೆಯಿಂದ ಬಳೆಗೆ ಹಗ್ಗದ ಬದಲು ಸರಳು, ತುದಿಗೆ ನಟ್ಟು. ಪಾನಾ ಹಾಕಿ ತಿರುಗಿಸಿದರೆ ಆಯಿತು. ಎರಡು ಬದಿಗೂ ಹೊಸ ಚರ್ಮ ಹಾಕಿ ಬಿಗಿದು, "ಅಪಾ, ಬಾರ್ಸು" ಎಂದ.

ದುರ್ಗಿ ಬೇಲಿಯ ಹತ್ತಿರ ಬಂದಳು. "ಅಕ್ಕಾ, ಕೇಳು. ಕೇಳಿ ಹೇಳು."

ಕೇಳಿದೆ. ಬೆತ್ತದ ಬಳೆಯ ದನಿ ಒಳಕೋಣೆಯಿಂದ ಯಾರೋ ಕರೆದ ಹಾಗಿತ್ತು. ಕರೆದ ಮೇಲೂ ಸ್ವಲ್ಪ ಹೊತ್ತು ಹೊಟ್ಟೆಯಲ್ಲಿ ಉಳಿಯುತ್ತಿತ್ತು. ಇದು ಅಂಗಳದಲ್ಲಿ ಹಿತ್ತಾಳೆ ತಟ್ಟೆ ಬಿದ್ದ ಹಾಗೆ. ಚೊಕ್ಕ, ದೂರಕ್ಕೆ ಹೋಗುವಂಥದು, ಆದರೆ ಬಿದ್ದಲ್ಲೇ ಮುಗಿಯಿತು. ಹಾಗೆಂದೇ ಹೇಳಿದೆ.

"ದೊಡ್ಡಮ್ಮಾ, ದನಿ ಚಂದ ಆಮೇಲೆ ನೋಡ್ವ" ಎಂದ ವಿನೋದ. "ನಾಳೆ ಬೆಳಿಗ್ಗೆ ಕೇಳಿ, ಇದೇ ದನಿ ಇರ್ತದೆ."

ಇತ್ತು. ರಾತ್ರಿಯಿಡೀ ಸುರಿದರೂ ಬಿಗಿದಲ್ಲಿಯೇ ಇತ್ತು, ಚೂರು ಇಳಿದಿದ್ದರೂ ನಟ್ಟಿಗೆ ಒಂದು ತಿರುವು ಸಾಕು. ದಾಸ ಹಲ್ಲು ಬಿಟ್ಟು ನಗುವುದನ್ನು ವರ್ಷದ ಮೇಲೆ ಕಂಡೆ.

"ಇನ್ನು ನಿನ್ ಅಮ್ಮನ ಕೈಗೆ ರಜೆ" ಎಂದ ಮಗನಿಗೆ.

ದುರ್ಗಿ ಡೋಲಿನ ಹತ್ತಿರ ಹೋಗಿ, ಮೊದಲು ಹಗ್ಗ ಇದ್ದಲ್ಲಿ ಕೈಯಿಟ್ಟಳು. ನುಣ್ಣನೆಯ ಸರಳಿನ ಮೇಲೆ ಕೈ ಜಾರಿತು.

"ಇದ್ರಲ್ಲಿ ಹಿಡಿಯೂದೆಲ್ಲಿ ತಮಾ?"

"ಹಿಡಿಯೂದೇ ಬ್ಯಾಡ ಅಮಾ. ಅದ್ಕೇ ಅಲ್ದ ಮಾಡದ್ದು?"

ಆಮೇಲಿನ ದಿನಗಳಲ್ಲಿ ಅವಳನ್ನು ನೋಡುವುದೇ ಕಷ್ಟ. ಗುಡಿಸಿದ ಅಂಗಳವನ್ನು ಮತ್ತೆ ಗುಡಿಸುವಳು. ಹಳದೀಪುರದ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆಂದು ಹೋದವಳು ಅದೇ ಸಂಜೆಯ ಬಸ್ಸಿಗೆ ವಾಪಸ್ ಬಂದಳು. ಬಲೆಯಲ್ಲಿ ಹರಿಯದ ಕಣ್ಣನ್ನೂ ಬಿಚ್ಚಿ ನೇಯ್ದಳು. ಒಂದು ಮಧ್ಯಾಹ್ನ ಬೇಲಿಯ ಮಡಲು ಹಿಡಿದು ನಿಂತು ಕೇಳಿದಳು:

"ಅಕ್ಕಾ, ಹುಣ್ಣಿಮೆ ದಿನ ನಾ ಎಲ್ಲಿ ನಡೀಲಿ?"

"ನಮ್ಮ ಸಂಗ್ತಿಗೆ ಬಾ."

"ಹಿಂದೆ?" ಎಂದಳು. ಹಿಂದೆ ಎನ್ನುವುದು ಗೋವೆಯ ಆಚೆ ಎಲ್ಲೋ ಇರುವ ಊರು ಎನ್ನುವ ಹಾಗೆ.

ಶ್ರೀಧರ ಡೋಲು ನೋಡಲು ಬಂದವನು ಬಾರಿಸಿ ಕೇಳಿ ಖುಷಿಯಾದ. ಬ್ಯಾಂಡ್ ಬೇಡ ಎಂದ. ಹೊರಡುವಾಗ, "ದುರ್ಗತ್ತೆ, ಈ ಸಲ ನಿಮ್ಗೆ ಆರಾಮ. ಹೆಂಗಸ್ರ ಸಂಗಡ ಮಾತಾಡ್ತಾ ಬನ್ನಿ" ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ದಾಸ ಚಾ ಕುಡಿಯುತ್ತಿದ್ದ, ಲೋಟದಿಂದ ಮುಖ ಎತ್ತಲಿಲ್ಲ.

ಶ್ರೀಧರ ಹೋದ ಮೇಲೆ ಬೇಲಿಯಾಚೆಯಿಂದ ಕೇಳಿಸಿತು.

"ನೀವಾದ್ರೂ ಒಂದ್ ಮಾತು ಹೇಳ್ಬಹುದಿತ್ತು."

"ಎಂತ ಹೇಳೂದು? ಹಗ್ಗ ಇಲ್ಲ, ಆದ್ರೂ ಹಗ್ಗ ಎಳಿಯೂಳು ಬೇಕು ಅಂತ ಹೇಳೂದಾ? ನಗ್ತಾರೆ."

ಆಮೇಲೆ ದುರ್ಗಿ ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಇತ್ತು.

ಹುಣ್ಣಿಮೆಯ ಬೆಳಿಗ್ಗೆ ಮಳೆ ಹುಯ್ಯಿತು. ಚರ್ಮ ತೇವ ಎಳೆದು ದನಿ ತಗ್ಗಿತ್ತು. ವಿನೋದ ಒಂದೊಂದೇ ನಟ್ಟನ್ನು ಸಾಕೆನ್ನುವಷ್ಟು ತಿರುಗಿಸಿ, ಬೆರಳಲ್ಲಿ ಬಡಿದು, "ಈಗ ಕಲ್ಲಿನ ಹಾಗೆ ಗಟ್ಟಿ" ಎಂದು ಪಾನಾವನ್ನು ಜಗಲಿಯ ಮೇಲಿಟ್ಟು ಅಂಗಿ ಹಾಕಲು ಒಳಗೆ ಹೋದ. ಮಳೆ ಬಿಟ್ಟ ಕೂಡಲೇ ಮೆರವಣಿಗೆ ಹೊರಟಿತು.

ದುರ್ಗಿ ನಮ್ಮ ಸಂಗಡ ಇದ್ದಳು. ಇದ್ದಳು ಎನ್ನಬೇಕಷ್ಟೆ. ಎರಡು ಹೆಜ್ಜೆ ಮುಂದೆ ಹೋಗುವಳು, ನಿಲ್ಲುವಳು, ಕತ್ತು ಉದ್ದ ಮಾಡುವಳು. ಒಂದು ಕೈ ಸೊಂಟದ ಮಡಿಲಿನಲ್ಲೇ.

ಮೀನು ಮಾರುವ ಹನುಮಕ್ಕ ಸುಮ್ಮನಿರುವವಳಲ್ಲ. "ಎಂತದೆ, ಸೊಂಟ ಹಿಡ್ಕಂಡದ್ದು? ಹಿಂದೆ ನಡೆದ್ರೆ ಸೊಂಟ ನೋವು ಬತ್ತದಾ? ನಾ ಹುಟ್ಟಿದಾಗಿಂದ ಹಿಂದೇ, ಎಂತ ಆಗಲಿಲ್ಲಪ್ಪ!" ಎಲ್ಲರೂ ನಕ್ಕರು. ದುರ್ಗಿಗೆ ಕೇಳಿಸಲೇ ಇಲ್ಲ.

ತಿರುವು ದಾಟಿದೆವು. ಮೋಡ ಸರಿದು ಬಿಸಿಲು ಬಂತು. ಶ್ರಾವಣದ ಬಿಸಿಲು, ತಲೆ ಸುಡುವಂಥದು. ರಸ್ತೆಯಿಂದ ಹಬೆ ಏಳುತ್ತಿತ್ತು. ಅಲ್ಲಿಯವರೆಗೆ ಸರಿಯಾಗಿಯೇ ಇದ್ದ ಡೋಲಿನ ದನಿ ನನ್ನ ಕಿವಿಗೆ ಸ್ವಲ್ಪ ತೆಳ್ಳಗಾದ ಹಾಗೆ ಕೇಳಿಸಿತು. ಇನ್ನೂ ನಾಲ್ಕು ಹೆಜ್ಜೆಗೆ ಇನ್ನೂ ತೆಳ್ಳಗೆ. ಮಗು ಅಳುವುದಕ್ಕೆ ಮೊದಲು ದನಿ ಮೇಲೆ ಹೋಗುತ್ತದಲ್ಲ, ಹಾಗೆ.

ದುರ್ಗಿ ನನ್ನ ತೋಳು ಹಿಡಿದಳು. "ಅಕ್ಕಾ, ಏರ್ತದೆ."

"ಹೌದೆ, ಏರ್ತದೆ."

"ಒದ್ದೆ ಚರ್ಮ ಬಿಗಿದದ್ದು. ಈಗ ಒಣಗ್ತದೆ, ಕುಗ್ಗುತ್ತದೆ. ಬೆತ್ತ ಆದ್ರೆ ಒಂಚೂರು ಬಾಗ್ತಿತ್ತು. ಈ ಕಬ್ಬಿಣ ಬಾಗೂದಿಲ್ಲ. ಚರ್ಮ ಹರೀತದೆ!"

ಮುಂದೆ ದಾಸನಿಗೂ ಗೊತ್ತಾಗಿರಬೇಕು, ಕೋಲು ಮೆಲ್ಲಗೆ ಬೀಳುತ್ತಿತ್ತು. "ದಾಸಣ್ಣಾ, ಜೋರು, ಜೋರು!" ಎಂದು ಶ್ರೀಧರ ಕೂಗಿದ. ಅಷ್ಟರಲ್ಲಿ ದುರ್ಗಿ ನನ್ನ ತೋಳು ಬಿಟ್ಟಾಗಿತ್ತು. ಗಂಡಸರ ನಡುವೆ ಹಾದು, ಕಾಯಿ ಹಿಡಿದವರನ್ನು ದಾಟಿ, ಡೋಲಿನ ಪಕ್ಕ ನಿಂತು ಮಡಿಲಿನಿಂದ ಪಾನಾ ತೆಗೆದಳು.

"ನಿಲ್ಲಬ್ಯಾಡಿ, ನಡೀರಿ. ಮೆತ್ತಗೆ ಬಾರ್ಸಿ" ಎಂದಳು ಗಂಡನಿಗೆ.

ಒಂದು ನಟ್ಟು ಸಡಿಲಿಸಿ, ಮಗ್ಗುಲಿನದನ್ನು ಮುಟ್ಟದೆ, ಎದುರಿನದಕ್ಕೆ ಕೈ ಹಾಕಿದಳು. ಬಲೆಯನ್ನು ಒಂದೇ ಬದಿಗೆ ಎಳೆದರೆ ಸೊಟ್ಟಗಾಗುತ್ತದೆಂದು ಗೊತ್ತಿರುವ ಕೈ ಅದು. ಮತ್ತೊಂದು, ಅದರ ಎದುರಿನದು. ವಿನೋದ ಓಡಿ ಬಂದ.

"ಅಮಾ! ಪಾನಾ ನಿನ್ ಹತ್ರ ಇತ್ತಾ? ಜಗಲಿ ಎಲ್ಲ ಹುಡುಕ್ದೆ ನಾನು!"

"ನಾನೇ ಕದ್ದದ್ದು. ಖಾಲಿ ಕೈಲಿ ನಡ್ಯೂಕೆ ಆಗಲಿಲ್ಲ. ಸರಿ ಆಚೆ."

ದನಿ ಇಳಿಯಿತು. ಅಳು ಬಾರದೆ ಸುಮ್ಮನಾದ ಮಗುವಿನ ಹಾಗೆ. ಚರ್ಮ ಉಳಿಯಿತು. ಶ್ರೀಧರ ಬೆವರು ಒರೆಸಿಕೊಂಡು, "ದುರ್ಗತ್ತೆ, ಆತಲ್ಲ, ಇನ್ನು ನೀವು ಹಿಂದೆ..." ಎಂದ.

ದಾಸ ಕೋಲು ನಿಲ್ಲಿಸಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. "ಮತ್ತೆ ಮೋಡ ಬಂದ್ರೆ ಬಿಗಿಯೂದು ಯಾರು? ನೀನಾ?" ಎಂದ.

ಯಾರೂ ನಗಲಿಲ್ಲ. ತೆರೆ ಕಾಲಿಗೆ ಬರುವವರೆಗೆ ನನಗೆ ಹಿಂದಿನಿಂದ ಕಾಣುತ್ತಿದ್ದದ್ದು ಡೋಲಿನ ಪಕ್ಕ ಏಳುತ್ತ ಇಳಿಯುತ್ತ ಇದ್ದ ಅವಳ ಮೊಣಕೈ ಒಂದೇ.

ಈಗ ಅವಳಿಗೆ ಬೇರೆ ಹುಚ್ಚು. ಬಳೆ ಬಿಚ್ಚಿ, ಕಬ್ಬಿಣ ಕಾಣದ ಹಾಗೆ ಹಳೆ ಬಲೆಯ ನೂಲು ಸುತ್ತುತ್ತಿದ್ದಾಳೆ. ಚರ್ಮಕ್ಕೆ ಅಂಚು ತಾಗಬಾರದು, ದನಿಯೂ ಸ್ವಲ್ಪ ಒಳಗಿಂದ ಬರಬೇಕಂತೆ. ಸುತ್ತುವುದು, ಕೂಡಿಸುವುದು, ಬಡಿಯುವುದು, "ಅಕ್ಕಾ, ಈಗ?" ಎನ್ನುವುದು.

"ಇನ್ನೂ ಸ್ವಲ್ಪ ತಟ್ಟೆ ದನಿ ಉಂಟೆ" ಎನ್ನುತ್ತೇನೆ. ಬೈದುಕೊಂಡು ಮತ್ತೆ ಬಿಚ್ಚುತ್ತಾಳೆ. ಅದನ್ನೂ ನಿಂತೇ ಮಾಡುತ್ತಾಳೆ.

ನಿನ್ನೆ ವಿನೋದ ಹೊನ್ನಾವರಕ್ಕೆ ಹೊರಟಿದ್ದ. "ಅಮಾ, ಪಾನಾ ಕೊಡು, ಕೆಲಸಕ್ಕೆ ಬೇಕು" ಎಂದ.

"ನೀ ಬೇರೆ ತಕ" ಎಂದಳು ದುರ್ಗಿ. "ಇದು ಡೋಲಿಂದು."